ಮಳೆಗಾಲಕ್ಕೆ ಮುಂಚೆ ಗೋಡೌನ್ ತುಂಬಿಸಬೇಕಾ, ಬೇಡವಾ?

ತೀರ್ಥಹಳ್ಳಿ ಅಂಗಡಿ
ತೋಟದ ಸಾಮಾನಿನ ಅಂಗಡಿ ನಮ್ಮದು. ಮೈಲುತುತ್ತ, ಸುಣ್ಣ, ಪಂಪಿನ ಬಿಡಿಭಾಗ, ಹೋಸ್ ಪೈಪ್, ಟಾರ್ಪಲ್ ಇಂಥವು. ಪ್ರತಿ ವರ್ಷ ಏಪ್ರಿಲ್-ಮೇನಲ್ಲಿ ಬ್ಯಾಂಕಿನ ಓಡಿ (ಓವರ್‌ಡ್ರಾಫ್ಟ್ ಸಾಲ) ಪೂರ್ತಿ ಎಳೆದು ಗೋಡೌನ್ ತುಂಬಿಸ್ತೀವಿ. ದೀಪಾವಳಿ ಹೊತ್ತಿಗೆ ಎಷ್ಟೋ ಸಾಮಾನು ಅಲ್ಲೇ ಕೂತಿರುತ್ತೆ, ಬಡ್ಡಿ ಮಾತ್ರ ಓಡ್ತಿರುತ್ತೆ. ಬೆಂಗಳೂರಲ್ಲಿರೋ ಅಕ್ಕನ ಮಗ ಹೇಳ್ತಾನೆ, "ಮಾವ, ಸ್ಟಾಕ್ ಅಂದ್ರೆ ಸತ್ತ ದುಡ್ಡು. ಬೇಕಾದಾಗ ಬೇಕಾದಷ್ಟೇ ತರಿಸು, ಆರ್ಡರ್ ಹಾಕಿದ್ರೆ ಎರಡು ದಿನಕ್ಕೆ ಬರುತ್ತೆ" ಅಂತ. ವ್ಯಾಪಾರ ಮಾಡೋರು ಹೇಳಿ, ಈ ಸಲ ಕಡಿಮೆ ತರಿಸಲಾ?

ಕೊಪ್ಪದ ಹುಡುಗ
ನಿಮ್ಮ ಅಳಿಯ ಹೇಳಿದ್ದು ಸರಿ ಇದೆ ಸರ್. ನಾನೂ ಬೆಂಗಳೂರಲ್ಲಿ ಗೋಡೌನ್ ಲೆಕ್ಕದ ಸಾಫ್ಟ್‌ವೇರ್ ಕೆಲಸದಲ್ಲೇ ಇರೋದು. ಟೊಯೊಟಾ ಬೆಳೆದಿದ್ದೇ ಹಾಗೆ, ಬಿಡಿಭಾಗ ಜೋಡಣೆಗೆ ಬೇಕಾದ ಹೊತ್ತಿಗೆ ಬಂದು ಇಳೀಬೇಕು. ಹಿಂದಿನ ವರ್ಷಗಳ ಬಿಲ್ ತೆಗೆದು ಯಾವ ವಾರ ಏನು ಎಷ್ಟು ಹೋಯ್ತು ಅಂತ ನೋಡಿ. ಅಂದಾಜು ತಾನಾಗೇ ಸಿಗುತ್ತೆ.

ಸಾಗರದ ಲಾರಿ
ಎರಡು ದಿನ ಅಂತೀಯಲ್ಲ ತಮ್ಮ, ಜುಲೈನಲ್ಲಿ ಬಾ, ಕ್ಯಾಬಿನ್‌ನಲ್ಲಿ ಪಕ್ಕ ಕೂರಿಸ್ಕೊಂಡು ಹೋಗ್ತೀನಿ. ಮಳೆಗಾಲದಲ್ಲಿ ಆಗುಂಬೆ ಘಾಟಿಗೆ ದೊಡ್ಡ ಗಾಡಿ ಬಿಡಲ್ಲ. ಕರಾವಳಿಯಿಂದ ಬರೋ ಲೋಡು ಹುಲಿಕಲ್ ಕಡೆ ಸುತ್ತಬೇಕು. ಅಲ್ಲಿ ಮರ ಬಿತ್ತು, ಧರೆ ಕುಸಿಯಿತು ಅಂದ್ರೆ ಸಾಲಲ್ಲಿ ನಿಲ್ಲೋದೇ. ಸರಕಿನ ಜೊತೆ ಇರಬೇಕಾದ ಆನ್‌ಲೈನ್ ಚೀಟಿ, ಇ-ವೇ ಬಿಲ್ಲು, ಅದಕ್ಕೆ 200 ಕಿ.ಮೀ.ಗೆ ಒಂದು ದಿನದ ಲೆಕ್ಕ, ಘಾಟಿ ಬಂದ್ ಆಗಿದ್ದು ಅದಕ್ಕೇನು ಗೊತ್ತು? ಅವಧಿ ಮುಗಿಯೋಕೆ 8 ಗಂಟೆ ಮುಂಚೆ ಇಲ್ಲಾ ಮುಗಿದ 8 ಗಂಟೆಯೊಳಗೆ ಪೋರ್ಟಲ್‌ಗೆ ಹೋಗಿ ಮುಂದೂಡಿಸ್ಕೋಬೇಕು. ಘಾಟಿ ನಡುವೆ ಮನೆಗೆ ಫೋನ್ ಮಾಡೋಕೇ ನೆಟ್‌ವರ್ಕ್ ಇರಲ್ಲ.

ಬಾಡಿಗೆ ವಿಷಯವೂ ಹೇಳ್ತೀನಿ. ಅಡಿಕೆ ಸೀಸನ್ನಲ್ಲಿ ಶಿವಮೊಗ್ಗದಿಂದ ವಾಪಸ್ ಲೋಡು ಸಿಗುತ್ತೆ, ಅದಕ್ಕೇ ಬಾಡಿಗೆ ಇಳಿಯುತ್ತೆ. ಜಡಿಮಳೆಯಲ್ಲಿ ನಿಮ್ಮ ಹತ್ತು ಚೀಲ ಇಳಿಸಿ ಖಾಲಿ ಗಾಡಿ ಹೊಡ್ಕೊಂಡು ಹೋಗ್ಬೇಕಾದ್ರೆ ಎರಡೂ ಕಡೆ ಡೀಸೆಲ್ ನೀವೇ ಕೊಡಬೇಕು. "ಬೇಕಾದಷ್ಟೇ" ತರಿಸೋದು ಅಂದ್ರೆ ದುಬಾರಿಗೆ ತರಿಸೋದು.

ಕೊಪ್ಪದ ಹುಡುಗ
ಅಣ್ಣ, ನಾನೂ ಆ ಮಳೆಯಲ್ಲೇ ಶಾಲೆಗೆ ಹೋದೋನು. ಸ್ಟಾಕೇ ಬೇಡ ಅಂತಿಲ್ಲ, ಹೆದರಿಕೆಗೆ ತುಂಬಿಸಬೇಡಿ ಅಂತಿದೀನಿ. ಪ್ರಾಕ್ಟರ್ ಆಂಡ್ ಗ್ಯಾಂಬಲ್‌ನವರು ಪ್ಯಾಂಪರ್ಸ್ ವಿಷಯದಲ್ಲಿ ಇದನ್ನೇ ಕಂಡಿದ್ರು. ಮಕ್ಕಳು ಡೈಪರ್ ಬಳಸೋದು ವರ್ಷವಿಡೀ ಹೆಚ್ಚುಕಮ್ಮಿ ಒಂದೇ ಸಮ. ಆದ್ರೆ ಅಂಗಡಿಯಿಂದ ಡೀಲರ್‌ಗೆ, ಡೀಲರಿಂದ ಕಂಪನಿಗೆ ಹೋಗೋ ಆರ್ಡರ್ ಮೇಲೆ ಹೋದಷ್ಟೂ ಜಾಸ್ತಿ ಏರಿಳಿತ. ನಮ್ಮಲ್ಲೂ ಅದೇ. ಮೇನಲ್ಲಿ ಮೈಲುತುತ್ತ ಸಿಗಲ್ವಂತೆ ಅಂತ ಯಾರೋ ಅಂದ್ರೆ ಸಾಕು, ಎಲ್ಲಾ ಅಂಗಡಿಯೋರು ಇಬ್ಬಿಬ್ಬರು ಡೀಲರ್‌ಗೆ ಆರ್ಡರ್ ಹಾಕ್ತಾರೆ. ಮೊದಲು ಬಂದಿದ್ದು ಇಳಿಸ್ಕೊಂಡು ಇನ್ನೊಂದು ಕ್ಯಾನ್ಸಲ್. ಅವನಿಗೆ ಬೇಡಿಕೆ ಎರಡು ಪಟ್ಟು ಕಾಣ್ಸುತ್ತೆ, ರೇಟು ಏರುತ್ತೆ.

ತೀರ್ಥಹಳ್ಳಿ ಅಂಗಡಿ
ಇಬ್ಬರಿಗೆ ಹಾಕೋದು ಹೌದು, ಹಾಕದೆ ಎಂತ ಮಾಡೋದು? ಒಬ್ಬನನ್ನೇ ನಂಬ್ಕೊಂಡು ಕೂತರೆ ಅವನು ದೊಡ್ಡ ಅಂಗಡಿಗೆ ಮೊದಲು ಕೊಡ್ತಾನೆ. ರೇಟು ನಮ್ಮಿಂದಲೇ ಏರಲ್ಲ ಮಾರಾಯ್ರೆ. ಮೈಲುತುತ್ತ ಆಗೋದು ತಾಮ್ರದಿಂದ. 2024ರ ಮೇನಲ್ಲಿ ಲಂಡನ್ ಮಾರುಕಟ್ಟೆಯಲ್ಲಿ ತಾಮ್ರ ಟನ್ನಿಗೆ 11,000 ಡಾಲರ್ ದಾಟಿತ್ತು. ನಮ್ಮ ಊರಲ್ಲಿ ಔಷಧಿ ಹೊಡೆಯೋ ತಯಾರಿ ನಡೆಯೋದೂ ಅದೇ ತಿಂಗಳು.

ಬಿಲ್ ನೋಡಿ ಅಂದಾಜು ಮಾಡು ಅಂದ್ರೆ, ಬಿಲ್ಲಿಗೆ ಮಳೆ ಗೊತ್ತಿರಲ್ಲ. ಅಡಿಕೆಯ ಕೊಳೆರೋಗಕ್ಕೆ ಮೊದಲ ಬೋರ್ಡೋ (ಮೈಲುತುತ್ತ, ಸುಣ್ಣ ಕಲಸಿದ ಔಷಧಿ) ಮಳೆ ಹಿಡಿಯೋ ಮುಂಚೆ ಬೀಳಬೇಕು, ಎರಡನೇದು 40-45 ದಿನ ಬಿಟ್ಟು. ಜುಲೈ ನಡುವೆ ಒಂದು ದಿನ ಮಳೆ ಬಿಟ್ಟು ಹೊಳವಾಯ್ತು ಅಂತಿಟ್ಕೊಳ್ಳಿ. ಬೆಳಿಗ್ಗೆ ಬಾಗಿಲು ತೆಗೆಯೋ ಮುಂಚೆ ಮೆಟ್ಟಿಲ ಮೇಲೆ ಜನ. ಮರ ಹತ್ತಿ ಔಷಧಿ ಹೊಡೆಯೋ ಕೊನೆಗಾರ ತೋಟದಲ್ಲಿ ಕಾಯ್ತಿದಾನೆ, ಡ್ರಮ್ಮಿನಲ್ಲಿ ಔಷಧಿ ಕಲಸಿ ಆಗಿದೆ, ಪಂಪಿನ ವಾಷರ್ ಹೋಗಿದೆ. ಕಲಸಿದ್ದು ಅವತ್ತೇ ಹೊಡೀಬೇಕು. ಆ ಚಿಲ್ಲರೆ ಕಾಸಿನ ವಾಷರ್ ನನ್ನ ಹತ್ರ ಇಲ್ಲ ಅಂದ್ರೆ ಅವನ ಮದ್ದು, ಸಂಬಳ, ಹೊಳವು ಎಲ್ಲಾ ಹೋಯ್ತು. ಮುಂದಿನ ವರ್ಷ ನನ್ನ ಅಂಗಡಿ ಮೆಟ್ಟಿಲು ಹತ್ತುತ್ತಾನಾ?

ಕೊಪ್ಪದ ಹುಡುಗ
ನೋಡಿ, ಉತ್ತರ ನೀವೇ ಹೇಳಿದ್ರಿ. ವಾಷರ್ ಡಬ್ಬಿಗಟ್ಟಲೆ ಇಡಿ, ಅದಕ್ಕೆಷ್ಟು ದುಡ್ಡು ಬೇಕು? ಓಡಿ ನುಂಗ್ತಿರೋದು ಟಾರ್ಪಲ್, ಪೈಪು. ಅದು ಒಂದು ವಾರ ತಡವಾದ್ರೆ ಯಾರ ತೋಟವೂ ಹಾಳಾಗಲ್ಲ.

ಮಾಚೇನಹಳ್ಳಿ ಫೌಂಡ್ರಿ
ಟೊಯೊಟಾ ಹೆಸರು ಬಂದಿದ್ದಕ್ಕೆ ಒಂದು ಮಾತು. 1997ರ ಫೆಬ್ರವರಿಯಲ್ಲಿ ಜಪಾನಿನ ಐಸಿನ್ ಕಾರ್ಖಾನೆಗೆ ಬೆಂಕಿ ಬಿತ್ತು. ಟೊಯೊಟಾದ ಬ್ರೇಕಿಗೆ ಹಾಕೋ ಒಂದು ಸಣ್ಣ ವಾಲ್ವ್ ಬಹುಪಾಲು ಅಲ್ಲಿಂದಲೇ ಬರ್ತಿದ್ದಿದ್ದು, ಕೈಯಲ್ಲಿದ್ದ ಸ್ಟಾಕು ಕೆಲವೇ ಗಂಟೆಗಳದ್ದು. ಅಲ್ಲಿನ ಟೊಯೊಟಾ ಲೈನುಗಳು ನಿಂತವು. 2011ರ ಭೂಕಂಪ ಆದ ಮೇಲೆ, ಎಲೆಕ್ಟ್ರಾನಿಕ್ ಚಿಪ್‌ಗಳನ್ನ ತಿಂಗಳುಗಟ್ಟಲೆ ಆಗೋಷ್ಟು ಇಟ್ಕೊಳ್ಳಿ ಅಂತ ಅದೇ ಟೊಯೊಟಾ ಹೇಳಿತು. ಯಾರಿಗೆ ಹೇಳಿತು ನೋಡಿ: ಪೂರೈಕೆ ಮಾಡೋರಿಗೆ.

ನನ್ನ ಕಥೆಯೂ ಅದೇ. ನಮ್ಮ ಗಿರಾಕಿ ಒಂದು ದೊಡ್ಡ ಕಂಪನಿ. ಅವರ ಗೋಡೌನ್ ಖಾಲಿ, ಅದನ್ನೇ ದೊಡ್ಡ ಸಾಧನೆ ಅಂತ ಮೀಟಿಂಗಲ್ಲಿ ಹೇಳ್ಕೋತಾರೆ. ಆ ಸ್ಟಾಕು ಹೋಗಿದ್ದೆಲ್ಲಿಗೆ? ನನ್ನ ಶೆಡ್ಡಿಗೆ. ಎರಡು ವಾರದ ಕಾಸ್ಟಿಂಗ್ (ಎರಕದ ಭಾಗ) ಯಾವಾಗಲೂ ರೆಡಿ ಇರಬೇಕು ಅಂತಾರೆ, ಶೆಡ್ಯೂಲ್ ಮಾತ್ರ ಸೋಮವಾರ ಒಂದು ಗುರುವಾರ ಒಂದು. 2023ರ ಕೊನೆಗೆ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾಗಿ ಯುರೋಪಿಗೆ ಹೋಗೋ ಹಡಗುಗಳು ಆಫ್ರಿಕಾ ಸುತ್ತಿ ಹೋಗೋಕೆ ಶುರು ಮಾಡಿದ್ವಲ್ಲ, ಅವರ ರಫ್ತು ನಿಧಾನ ಆಯ್ತು. ನಮಗೆ "ಹೋಲ್ಡ್" ಅಂತ ಒಂದು ಮೇಲ್. ಎರಕ ಹೊಯ್ದಾಗಿದೆ, ಪಿಗ್ ಐರನ್ ದುಡ್ಡು ಕೊಟ್ಟಾಗಿದೆ, ಕರೆಂಟ್ ಬಿಲ್ ಕಟ್ಟಾಗಿದೆ. ಮಲೆನಾಡಿನ ತೇವಕ್ಕೆ ತುಕ್ಕು ಹಿಡೀದೆ ಇರಲಿ ಅಂತ ಇಡೀ ರಾಶಿಗೆ ಎಣ್ಣೆ ಹಚ್ಚಿಸಿ ಕೂತ್ವಿ. ಸ್ಟಾಕ್ ಇಲ್ಲದ ವ್ಯಾಪಾರ ಅನ್ನೋದು ಇಲ್ಲ ತಮ್ಮ. ಯಾರ ತಲೆ ಮೇಲೆ ಹೊರಿಸ್ತೀರಿ ಅನ್ನೋದಷ್ಟೇ.

ದುರ್ಗಿಗುಡಿ ಲೆಕ್ಕಪತ್ರ
ಫೌಂಡ್ರಿಯವರೆ, ಉದ್ಯಮ್ (ಸಣ್ಣ ಉದ್ಯಮಗಳ ಸರ್ಕಾರಿ) ನೋಂದಣಿ ಇದೆ ತಾನೆ? ಸೂಕ್ಷ್ಮ, ಸಣ್ಣ ಉದ್ಯಮಕ್ಕೆ ಲಿಖಿತ ಒಪ್ಪಂದ ಇದ್ರೂ 45 ದಿನದೊಳಗೆ ಹಣ ಕೊಡಬೇಕು, ಒಪ್ಪಂದ ಇಲ್ಲದಿದ್ರೆ 15 ದಿನ. ತಡ ಮಾಡಿದ್ರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆದಾಯ ತೆರಿಗೆಯಲ್ಲಿ 43ಬಿ(ಎಚ್) ಅನ್ನೋ ನಿಯಮ ಬಂದ ಮೇಲೆ, ಕೊಳ್ಳೋ ಕಂಪನಿ ಅವಧಿ ಮೀರಿದ ಬಾಕಿಯನ್ನ ಕೊಟ್ಟ ವರ್ಷವೇ ಖರ್ಚಿಗೆ ತೋರಿಸ್ಬೇಕು. ಮಾರ್ಚ್ ಬಂತು ಅಂದ್ರೆ ದೊಡ್ಡವರೂ ಫೋನ್ ಎತ್ತುತ್ತಾರೆ.

ಮಾಚೇನಹಳ್ಳಿ ಫೌಂಡ್ರಿ
ಎತ್ತುತ್ತಾರೆ ಸಾರ್, ಏಪ್ರಿಲ್‌ನಲ್ಲಿ ಮತ್ತೆ ಇಡ್ತಾರೆ. ಬಡ್ಡಿ ಕೇಳಿ ನೋಟಿಸ್ ಕೊಟ್ಟರೆ ಮುಂದಿನ ಆರ್ಡರ್ ಕೊಯಮತ್ತೂರಿನ ಫೌಂಡ್ರಿಗೆ ಹೋಗುತ್ತೆ.

ತೀರ್ಥಹಳ್ಳಿ ಅಂಗಡಿ
ಆ 45 ದಿನ ನಮಗೂ ಉಂಟಾ?

ದುರ್ಗಿಗುಡಿ ಲೆಕ್ಕಪತ್ರ
ಇಲ್ಲ. ತಯಾರಿಕೆ, ಸೇವೆಯವರಿಗೆ ಮಾತ್ರ. ಕೊಂಡು ಮಾರೋರಿಗೆ ಬರಲ್ಲ. ಬಂದರೂ ನಿಮ್ಮ ಬಾಕಿ ಇರೋದು ರೈತರ ಹತ್ರ ಅಲ್ವಾ?

ತೀರ್ಥಹಳ್ಳಿ ಅಂಗಡಿ
ಅದೇ. "ಅಡಿಕೆ ಮಂಡಿಗೆ ಹೋದ ಕೂಡ್ಲೆ ಕೊಡ್ತೀನಿ" ಅಂತಾರೆ, ಕೊಡ್ತಾರೆ ಕೂಡ. ಆದ್ರೆ ಜೂನ್‌ನಲ್ಲಿ ಒಯ್ದಿದ್ದಕ್ಕೆ ಜನವರಿಯಲ್ಲಿ. ಡೀಲರ್ ನನಗೆ ಕೊಡೋದು ಒಂದು ತಿಂಗಳ ಕ್ರೆಡಿಟ್. ಅಕ್ಕನ ಮಗ ಗೋಡೌನ್ ನೋಡ್ತಾನೆ, ಉದ್ರಿ ಪುಸ್ತಕ ನೋಡಿಲ್ಲ.

ಅಪ್ಪೆಮಿಡಿ ಅಕ್ಕ, ರಿಪ್ಪನ್‌ಪೇಟೆ
ನಿಮ್ಮ ಚರ್ಚೆ ಓದಿ ನಗು ಬಂತು. ಬೇಕಾದಾಗ ತರಿಸೋಕೆ ಮಾವಿನ ಮರ ನನ್ನ ಮಾತು ಕೇಳುತ್ತಾ? ಮಿಡಿ ಬರೋದು ವರ್ಷಕ್ಕೊಂದು ಸಲ, ಅದೂ ಒಂದು ವರ್ಷ ಬಂದ್ರೆ ಮತ್ತೊಂದು ವರ್ಷ ಕೈ ಕೊಡುತ್ತೆ. ಬಂದಾಗ ಎಣಿಸಿ ಕೊಂಡು, ತೊಟ್ಟು ಮುರಿದಿದ್ದನ್ನ ಬೇರೆ ಮಾಡಿ, ಉಪ್ಪಿಗೆ ಹಾಕ್ಬೇಕು. ಆ ಸ್ಟಾಕಿನ ಚಿಂತೆ ನನಗಿಲ್ಲ, ಉಪ್ಪುನೀರಲ್ಲಿದ್ರೆ ಕೆಡಲ್ಲ. ನನ್ನ ತಲೆನೋವು ಬಾಟಲಿ. ಬೆಂಗಳೂರಿನ ಡೀಲರ್ ಪೂರ್ತಿ ಗಾಡಿ ಲೋಡಿಗಿಂತ ಕಡಿಮೆ ಆದ್ರೆ ಫೋನೇ ಇಟ್ಟುಬಿಡ್ತಾನೆ. ಚಿಲ್ಲರೆ ತಗೊಂಡ್ರೆ ಒಳಗಿನ ಉಪ್ಪಿನಕಾಯಿ ಲಾಭ ಹೊರಗಿನ ಗಾಜಿಗೆ ಹೋಗುತ್ತೆ.

ಸಾಗರದ ಲಾರಿ
ಅಕ್ಕ, ಬಾಟಲಿಗೆ ತೂಕ ಇಲ್ಲ, ಜಾಗ ಜಾಸ್ತಿ. ತೀರ್ಥಹಳ್ಳಿಯವರ ಸುಣ್ಣ, ಮೈಲುತುತ್ತಕ್ಕೆ ತೂಕ ಜಾಸ್ತಿ, ಜಾಗ ಕಡಿಮೆ. ಚೀಲ ಕೆಳಗೆ, ಬಾಟಲಿ ಮೇಲೆ. ಒಂದೇ ಗಾಡಿ, ಬಾಡಿಗೆ ಹಂಚ್ಕೊಳ್ಳಿ.

ಅಪ್ಪೆಮಿಡಿ ಅಕ್ಕ, ರಿಪ್ಪನ್‌ಪೇಟೆ
ಮೈಲುತುತ್ತದ ಮೇಲೆ ಉಪ್ಪಿನಕಾಯಿ ಬಾಟಲಿಯಾ? ಚೆನ್ನಾಗಿದೆ! ತಪಾಸಣೆಯೋರು ಬರೋದೇ ಬೇಡ, ನಮ್ಮ ಅತ್ತೆಯೇ ಗೇಟಲ್ಲಿ ಗಾಡಿ ತಡೀತಾರೆ.

ಸಾಗರದ ಲಾರಿ
ಆಯ್ತು, ಮೈಲುತುತ್ತ ಬೇಡ. ಪೈಪು, ಟಾರ್ಪಲ್ ಹಾಕೋಣ.

ಕೊಪ್ಪದ ಹುಡುಗ
ಅದನ್ನೇ ಕಡಿಮೆ ತರಿಸಿ ಅಂತ ಹೇಳಿದ್ದು ನಾನು.

ತೀರ್ಥಹಳ್ಳಿ ಅಂಗಡಿ
ಕಡಿಮೆಯೇ ತರಿಸ್ತೀನಿ ಮಾರಾಯ, ಅದಕ್ಕೇ ಅರ್ಧ ಗಾಡಿ ಸಾಕು. ಮೈಲುತುತ್ತ, ವಾಷರ್ ಮಾತ್ರ ಪೂರ್ತಿ ಇಡೋದೇ, ಅದರಲ್ಲಿ ಎರಡು ಮಾತಿಲ್ಲ. ಅಕ್ಕ, ನಿಮಗೆ ಯಾವಾಗ ಬೇಕು? ನನಗೆ ಮೇ 15ರೊಳಗೆ ಇಳೀಬೇಕು.

ಅಪ್ಪೆಮಿಡಿ ಅಕ್ಕ, ರಿಪ್ಪನ್‌ಪೇಟೆ
ಮೇ ಆದ್ರೆ ನನಗೂ ಆಗುತ್ತೆ. ಒಡೆದ ಬಾಟಲಿ ಯಾರ ಲೆಕ್ಕಕ್ಕೆ, ಹಮಾಲಿ ಯಾರು ಕೊಡೋದು, ಅದನ್ನ ಈಗಲೇ ಹೇಳಿಬಿಡಿ.