ಪಂಪು ‘ಚಾಲ್ತಿಯಲ್ಲಿದೆ’ ಅಂತ ಬರೆದು ಕಳಿಸಲೇ? ಉಗಾಂಡಾದಿಂದ ಒಂದು ಪ್ರಶ್ನೆ

ತುಂಗಾತೀರ (ಪ್ರಶ್ನೆ)

ನಾನು ಶಿವಮೊಗ್ಗದವಳು. ಎರಡೂವರೆ ವರ್ಷದಿಂದ ಉಗಾಂಡಾದ ಉತ್ತರದಲ್ಲಿ, ಲೀರಾ ಪಟ್ಟಣದ ಆಚೆ, ಯುರೋಪಿನ ದುಡ್ಡಲ್ಲಿ ನಡೆಯುವ ಒಂದು ಸಂಸ್ಥೆಯಲ್ಲಿದ್ದೇನೆ. ಹುದ್ದೆಯ ಹೆಸರು ‘ಮಾನಿಟರಿಂಗ್ ಅಂಡ್ ಇವ್ಯಾಲ್ಯುಯೇಷನ್ ಆಫೀಸರ್’. ಅಮ್ಮನಿಗೆ ಮಾತ್ರ “ಬೋರ್‌ವೆಲ್ ಎಣಿಸೋ ಕೆಲಸ” ಅಂತ ಹೇಳಿದ್ದೇನೆ. ಅವಳಿಗೆ ಹೇಳಿದ್ದೇ ಹೆಚ್ಚು ನಿಜ.

ಇಲ್ಲಿನ ಹಳ್ಳಿಗಳಲ್ಲಿರೋ ಕೈಪಂಪಿಗೆ ಯು-2 ಅಂತಾರೆ. ಮೊದಲ ದಿನ ನೋಡಿದಾಗ ನಗು ಬಂತು: ಅದೇ ಉದ್ದ ಹಿಡಿ, ಅದೇ ಸರಪಳಿ, ಅದೇ ಕಿರ್‌ಕಿರ್ ಸದ್ದು. ನಮ್ಮೂರ ಶಾಲೆ ಪಕ್ಕ ಇದ್ದ ಇಂಡಿಯಾ ಮಾರ್ಕ್-2 ಪಂಪೇ ಹೆಸರು ಬದಲಿಸಿಕೊಂಡು ಇಲ್ಲಿ ನಿಂತಿದೆ.

ವಿಷಯಕ್ಕೆ ಬರ್ತೀನಿ. ನಮ್ಮ ಮೊಬೈಲ್ ಫಾರಂನಲ್ಲಿ ಪಂಪಿಗೆ ಎರಡೇ ಉತ್ತರ: ಚಾಲ್ತಿಯಲ್ಲಿದೆ, ಚಾಲ್ತಿಯಲ್ಲಿಲ್ಲ. ನಾವು ಬೆಳಿಗ್ಗೆ ಎಂಟಕ್ಕೆ ಲೀರಾ ಬಿಟ್ಟು, ಮೊದಲ ಹಳ್ಳಿಗೆ ಹತ್ತೂವರೆಗೆ ಮುಟ್ಟಿ, ಹಿಡಿ ಒತ್ತಿ, ನೀರು ಬಂದರೆ ಫೋಟೋ ತೆಗೆದು ಹೊರಡ್ತೀವಿ. ದಾನಿಗಳ ವೆಬ್‌ಸೈಟಿನ ನಕ್ಷೆಯಲ್ಲಿ ಒಂದು ಹಸಿರು ಚುಕ್ಕೆ ಬೀಳುತ್ತೆ.

ಹೋದ ತಿಂಗಳು ಗಾಡಿ ಕೆಟ್ಟು ಒಂದು ಹಳ್ಳಿಯಲ್ಲೇ ರಾತ್ರಿ ಉಳಿಯಬೇಕಾಯ್ತು. ಬೆಳಿಗ್ಗೆ ಆರಕ್ಕೆ ಪಂಪಿನ ಹತ್ತಿರ ಹೋದೆ. ಹಳದಿ ಜೆರಿಕ್ಯಾನ್‌ಗಳ ಸಾಲು ಇತ್ತು, ಆದರೆ ಮುಂದೆ ನಿಲ್ಲೋಕೆ ಯಾರಿಗೂ ಮನಸ್ಸಿಲ್ಲ. ನಮ್ಮೂರ ನಲ್ಲಿ ಮುಂದೆ ಮೊದಲ ಬಿಂದಿಗೆಗೆ ಜಡೆ ಜಗಳ ನೋಡಿ ಬೆಳೆದವಳು ನಾನು. ಇಲ್ಲಿ ನೋಡಿದರೆ “ನೀನು ಹೋಗು, ನೀನು ಹೋಗು” ಅಂತ ಒಬ್ಬರನ್ನೊಬ್ಬರು ಮುಂದೆ ತಳ್ಳುತ್ತಿದ್ದಾರೆ. ಕೊನೆಗೊಬ್ಬಳು ಹುಡುಗಿ ಒತ್ತಿದಳು. ಕೆಂಪು ನೀರು. ಇಟ್ಟಿಗೆ ತೊಳೆದ ಹಾಗೆ. ಇಪ್ಪತ್ತು ಲೀಟರಿನ ಆರು ಕ್ಯಾನ್ ತುಂಬಿಸಿ ಚೆಲ್ಲಿದ ಮೇಲೆ ಬಣ್ಣ ತಿಳಿಯಾಯ್ತು. ಆ ನೀರಲ್ಲಿ ಟೀ ಕಾಸಿದರೆ ಶಾಯಿಯಂತೆ ಕಪ್ಪಾಗುತ್ತೆ, ಬಿಳಿ ಬಟ್ಟೆ ಒಗೆಯೋ ಹಾಗಿಲ್ಲ. ಅರ್ಧ ಊರು ಕುಡಿಯೋಕೆ ಹಳೇ ಹೊಂಡದ ನೀರನ್ನೇ ತರುತ್ತೆ.

ಹತ್ತೂವರೆಗೆ ಬರೋ ನಮಗೆ ಇದು ಯಾವತ್ತೂ ಕಂಡಿರಲಿಲ್ಲ. ಅಷ್ಟೊತ್ತಿಗೆ ಹೆಂಗಸರು ಕೆಂಪನ್ನೆಲ್ಲ ಒತ್ತಿ ಒತ್ತಿ ಚೆಲ್ಲಿರುತ್ತಾರಲ್ಲ!

ಮೇಲಿನವರಿಗೆ ಹೇಳಿದೆ. “ನೀರು ಬರುತ್ತೆ ತಾನೇ? ಹಾಗಾದರೆ ಚಾಲ್ತಿಯಲ್ಲಿದೆ” ಅಂದರು. ಅವರು ಕೆಟ್ಟವರಲ್ಲ. ಮಾರ್ಚ್ ಒಳಗೆ ಇಷ್ಟು ಚುಕ್ಕೆ ಹಸಿರಾಗದಿದ್ದರೆ ಮುಂದಿನ ಕಂತು ನಿಲ್ಲುತ್ತೆ ಅನ್ನೋ ಭಯ. ನಮ್ಮದು ‘ಪಾರದರ್ಶಕ’ ಯೋಜನೆ ಅನ್ನೋದು ಇನ್ನೊಂದು ತಮಾಷೆ. ಎಲ್ಲಾ ಅಂಕಿಅಂಶ ಐಎಟಿಐ ಅನ್ನೋ, ನೆರವಿನ ಹಣದ ವಿವರ ಪ್ರಕಟಿಸೋ ಅಂತರರಾಷ್ಟ್ರೀಯ ಮಾದರಿಯಲ್ಲಿ ಜಗತ್ತಿಗೇ ತೆರೆದಿಟ್ಟಿದ್ದೀವಿ. ಬೆಂಗಳೂರಲ್ಲಿ ಕೂತು ನೀವೂ ನೋಡಬಹುದು. ಆ ಹಳ್ಳಿಯವರಿಗೆ ಮಾತ್ರ ಅವರ ಪಂಪಿನ ಬಗ್ಗೆ ನಾವು ಏನು ಬರೆದಿದ್ದೀವಿ ಅಂತ ಗೊತ್ತಿಲ್ಲ.

ಇಂಥ ಕೆಲಸದಲ್ಲಿರೋರು ಯಾರಾದರೂ ಇದ್ದರೆ ಹೇಳಿ. ನಾನು ಏನು ಬರೀಲಿ? ಯಾರಿಗೆ ಬರೀಲಿ?

---

ಕಂಪಾಲಾ_ಲೆಕ್ಕಿಗ

ಮೇಡಂ, ನಾನು ಕುಂದಾಪುರದ ಕಡೆಯವ. ಕಂಪಾಲಾಕ್ಕೆ ಬಂದು ಹತ್ತೊಂಬತ್ತು ವರ್ಷ. ಆಡಿಟ್ ಕೆಲಸ. ದಾನಿಗಳ ಹಣದ ಲೆಕ್ಕ ನೋಡಿ ನೋಡಿಯೇ ಕನ್ನಡಕದ ನಂಬರ್ ಏರಿದ್ದು.

ಮೊದಲು ಪೈಪಿನ ಮಾತು. ಮೊದಲು ಕೆಂಪು, ಒತ್ತಿದ ಮೇಲೆ ತಿಳಿ ಅಂದರೆ ದೋಷ ಬಹುತೇಕ ನೆಲದ ನೀರಿನಲ್ಲಿಲ್ಲ, ಪೈಪಿನಲ್ಲಿದೆ. ಒಳಗೆ ಇಳಿಬಿಟ್ಟಿರುವುದು ಜಿಐ ಪೈಪು, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪು. ಹುಳಿ ಗುಣದ ನೀರಲ್ಲಿ ಅದು ತುಕ್ಕು ಹಿಡಿಯುತ್ತದೆ, ರಾತ್ರಿಯಿಡೀ ನಿಂತ ನೀರಿಗೆ ಆ ತುಕ್ಕು ಬಿಡುತ್ತದೆ. ನೆಲದಲ್ಲೇ ಕಬ್ಬಿಣವಿದ್ದಿದ್ದರೆ ಮಧ್ಯಾಹ್ನವೂ ಹಾಗೇ ಬರುತ್ತಿತ್ತು. ಇದು ಹೊಸ ಸಂಗತಿಯೇನಲ್ಲ. 2016ರಲ್ಲಿ ಇಲ್ಲಿನ ನೀರಿನ ಸಚಿವಾಲಯವೇ ಕೈಪಂಪಿಗೆ ಜಿಐ ಪೈಪು ಹಾಕುವುದನ್ನು ನಿಲ್ಲಿಸಿತು. ಹಾಗಾಗಿ ನೀವು ಕೇಳಬೇಕಾದ ಮೊದಲ ಕಾಗದ ಆ ಪಂಪಿನ ಬಿಒಕ್ಯೂ, ಅಂದರೆ ಯಾವ ಸಾಮಾನು ಎಷ್ಟು ಎಂಬ ಪಟ್ಟಿ. ಯಾವ ವರ್ಷ ಹಾಕಿದ್ದು, ಪೈಪು ಯಾವ ಲೋಹದ್ದೆಂದು ಬರೆದಿದೆ, ಬಿಲ್ಲು ಯಾವುದಕ್ಕೆ ಆಗಿದೆ. ಸ್ಟೇನ್‌ಲೆಸ್ ಸ್ಟೀಲ್ ಎಂದು ಬಿಲ್ಲಿದ್ದು ಕೆಳಗೆ ಜಿಐ ಇದ್ದರೆ ಅದು ಕಳ್ಳತನ. ಬಿಲ್ಲಿನಲ್ಲೂ ಜಿಐ ಎಂದೇ ಇದ್ದರೆ ಅದು ಕಳ್ಳತನವಲ್ಲ, ಆದರೆ ನನ್ನ ಕಣ್ಣಿಗೆ ಅದಕ್ಕಿಂತ ಹಗುರವೂ ಅಲ್ಲ. ಒಂದು ಪೈಪು ಮೇಲೆತ್ತಿಸಿ ನೋಡಿ. ಊರಿನ ಪಂಪ್ ಮೆಕ್ಯಾನಿಕ್ ಅರ್ಧ ದಿನದಲ್ಲಿ ಎತ್ತುತ್ತಾನೆ.

ಒಂದು ಹಳೇ ಕಥೆ ಹೇಳುತ್ತೇನೆ. ಒಮ್ಮೆ ತರಬೇತಿ ಶಿಬಿರಗಳ ಫೈಲ್ ನೋಡಲು ಹೋಗಿದ್ದೆ. ಎಲ್ಲಾ ವೋಚರ್ ಇತ್ತು, ಊಟದ ಬಿಲ್ಲಿತ್ತು, ಹಾಜರಿ ಪಟ್ಟಿಯಲ್ಲಿ ನಲವತ್ತು ಸಹಿ. ಮೂರು ಜಿಲ್ಲೆ, ಮೂರು ದಿನ, ಮೂರು ಪಟ್ಟಿ. ಮೂರರಲ್ಲೂ ಹದಿನೇಳನೇ ಸಹಿಯ ಹತ್ತಿರ ಪೆನ್ನಿನ ಶಾಯಿ ಮುಗಿದು ನೀಲಿಯಿಂದ ಕಪ್ಪಾಗಿದೆ! ಒಬ್ಬನೇ ಕೂತು ಬರೆದದ್ದು. ಫೈಲಿನ ಮಟ್ಟಿಗೆ ಎಲ್ಲವೂ ಸರಿ ಇತ್ತು. ಹಾಜರಾದರು ಎಂದವರಲ್ಲಿ ಒಬ್ಬರಿಗೂ ಆ ಪಟ್ಟಿ ತೋರಿಸಿರಲಿಲ್ಲ, ಅಷ್ಟೇ.

ನಿಮ್ಮ ಉತ್ತರ ಉಗಾಂಡಾದ ಹಣದ ಬಗ್ಗೆಯೇ 2012ರಲ್ಲಿ ದೊಡ್ಡ ಗದ್ದಲವಾಗಿತ್ತು. ಯುದ್ಧ ಮುಗಿದ ಉತ್ತರದ ಜಿಲ್ಲೆಗಳನ್ನು ಮತ್ತೆ ಕಟ್ಟಲೆಂದು ಐರ್ಲೆಂಡ್, ನಾರ್ವೆ, ಸ್ವೀಡನ್, ಡೆನ್ಮಾರ್ಕ್ ಕೊಟ್ಟ ಹಣ ಪ್ರಧಾನಿ ಕಚೇರಿಯಿಂದ ಖಾಸಗಿ ಖಾತೆಗಳಿಗೆ ಹರಿದಿತ್ತು. ಹಿಡಿದದ್ದು ಹೊರಗಿನವರಲ್ಲ, ಇಲ್ಲಿನ ಆಡಿಟರ್ ಜನರಲ್. ಐರ್ಲೆಂಡಿಗೆ 40 ಲಕ್ಷ ಯೂರೋ ವಾಪಸ್ ಹೋಯಿತು. ಡಬ್ಲಿನ್‌ನ ತೆರಿಗೆದಾರನಿಗೆ ನ್ಯಾಯ ಸಿಕ್ಕಿತು, ಸಂತೋಷ. ಉತ್ತರದ ಹಳ್ಳಿಯವನಿಗೆ? ಅವನ ಪಾಲಿನ ಹಣ ಮೊದಲು ಕಳುವಾಯಿತು, ಆಮೇಲೆ ನ್ಯಾಯದ ಹೆಸರಲ್ಲಿ ದೇಶ ಬಿಟ್ಟೇ ಹೋಯಿತು. ಲೆಕ್ಕ ಯಾರಿಗೆ ಒಪ್ಪಿಸುತ್ತೇವೆಯೋ ಪರಿಹಾರವೂ ಅವರಿಗೇ ಹೋಗುತ್ತದೆ.

---

ಬಿಸಿಲೂರು

ಅಕ್ಕಾರ, ನಾ ರಾಯಚೂರು ಕಡೆ ಸೋಷಲ್ ಆಡಿಟ್ ಕೆಲಸ ಮಾಡ್ದಾಂವ. ಫಾರಿನ್ ರೊಕ್ಕದ ಸುದ್ದಿ ನನಗ ಗೊತ್ತಿಲ್ಲ, ಉದ್ಯೋಗ ಖಾತ್ರಿ ರೊಕ್ಕದ ಸುದ್ದಿ ಗೊತ್ತದ.

ಎಲ್ಲಾ ಆನ್‌ಲೈನ್ ಅದ ಅಂತಾರ. ಖರೇನೂ ಅದ. ಆದ್ರ ಒಂದು ಊರಾಗ ನಾವು ಆ ಲಿಸ್ಟ್ ತಗದು ಹನುಮಪ್ಪನ ಗುಡಿ ಎದುರಿನ ಗ್ವಾಡಿ ಮ್ಯಾಲೆ ಬಣ್ಣದಾಗ ಬರ್ಸಿದ್ವಿ: ಹೆಸರು, ಎಷ್ಟು ದಿನ, ಎಷ್ಟು ರೂಪಾಯಿ. ಮೊದಲ್ನೇ ದಿನ ಯಾರೂ ಬರ್ಲಿಲ್ಲ. ಎರಡನೇ ದಿನ ಒಬ್ಬಾಕಿ ಮುದುಕಿ ಮೊಮ್ಮಗನ್ನ ಕರ್ಕೊಂಡು ಬಂದು ಓದ್ಸಿದಳು. “ಆಯಿ, ನಿನ್ನ ಹೆಸರಿಗಿ 42 ದಿನ ಅದ” ಅಂದ ಹುಡುಗ. ಮುದುಕಿ ಏನೂ ಅನ್ಲಿಲ್ಲ, ಹ್ವಾದಳು. ಸಂಜಿಗಿ ಗ್ವಾಡಿ ಮುಂದ ಸಂತಿ ಸೇರಿಧಂಗ ಮಂದಿ! ಆಕಿ ಓಣಿ ತುಂಬ ಹೇಳ್ಕೋತ ಹೋಗ್ಯಾಳ, ನಾ ಮಣ್ಣು ಹೊತ್ತಿದ್ದು ಹನ್ನೊಂದs ದಿನ ಅಂತ.

ಮರುದಿನ ರಾತ್ರಿ ಯಾರೋ ಆ ಗ್ವಾಡಿಗಿ ಸುಣ್ಣ ಬಳದ್ರು. ಅದಕ್ಕs ಹೇಳ್ತೀನಿ, ಬರಹ ಕೆಲಸ ಮಾಡ್ತದ. ಇಲ್ಲಂದ್ರ ಸುಣ್ಣಕ್ಕ ರೊಕ್ಕ ಯಾಕ ಹಾಕ್ತಿದ್ರು?

ಆ ಪಂಪಿನ ಕಟ್ಟಿ ಮ್ಯಾಲೇ ಬರ್ಸ್ರಿ. ಅವರ ಭಾಷಾದಾಗ ಬರ್ಸ್ರಿ, ಇಂಗ್ಲಿಷ್‌ದಾಗ ಬ್ಯಾಡ. ಏನು ಹಾಕೇವಿ, ಎಷ್ಟು ಖರ್ಚು, ಕಡೀಕ ಯಾವಾಗ ನೋಡೇವಿ, ಏನಂತ ಬರ್ದೇವಿ.

---

ಪ್ರಶ್ನಾರ್ಥಕ

ಗೋಡೆ ಬರಹದ ಬಗ್ಗೆ ನನ್ನದು ಸ್ವಲ್ಪ ತಕರಾರು. ಅಭಿವೃದ್ಧಿ ಅರ್ಥಶಾಸ್ತ್ರ ಓದಿದವರೆಲ್ಲ ಹೇಳೋ ಕಥೆ ಇದೇ, ಅದೂ ಉಗಾಂಡಾದ್ದೇ. 1991ರಿಂದ 95ರವರೆಗೆ ಶಾಲೆಗಳಿಗೆ ತಲಾ ಮಗುವಿಗೆ ಇಷ್ಟು ಅಂತ ಸರ್ಕಾರ ಬಿಡುಗಡೆ ಮಾಡಿದ ಅನುದಾನ ಎಲ್ಲಿ ಹೋಯ್ತು ಅಂತ 250 ಶಾಲೆಗಳಲ್ಲಿ ವಿಚಾರಿಸಿದರು. ಶಾಲೆ ಮುಟ್ಟಿದ್ದು ಸರಾಸರಿ ಶೇ 13. ಬಹಳಷ್ಟು ಶಾಲೆಗಳಿಗೆ ಬಿಡಿಗಾಸೂ ಇಲ್ಲ. ಆಮೇಲೆ ಯಾವ ಜಿಲ್ಲೆಗೆ ಎಷ್ಟು ಕಳಿಸಿದೆವು ಅಂತ ಪತ್ರಿಕೆಗಳಲ್ಲಿ ಹಾಕಿದರು, ಶಾಲೆ ಬಾಗಿಲಿಗೆ ನೋಟಿಸ್ ಅಂಟಿಸಿದರು. 2001ರ ಹೊತ್ತಿಗೆ ಶೇ 80ಕ್ಕೂ ಹೆಚ್ಚು ಮುಟ್ಟುತ್ತಿತ್ತು. ಕೇಳೋಕೆ ಚೆಂದ. ಆದರೆ ಅದೇ ಹೊತ್ತಲ್ಲಿ, 1997ರಲ್ಲಿ, ಪ್ರಾಥಮಿಕ ಶಿಕ್ಷಣ ಉಚಿತವಾಯ್ತು, ಹಣ ಕಳಿಸೋ ವ್ಯವಸ್ಥೆಯೇ ಬದಲಾಯ್ತು, ದಾನಿಗಳೂ ಬಿಗಿಯಾದರು. ಪತ್ರಿಕೆಯೊಂದಕ್ಕೇ ಪೂರ್ತಿ ಹಾರ ಹಾಕೋದು ಸರಿಯಲ್ಲ ಅಂತ ಆಮೇಲೆ ಬೇರೆ ಅರ್ಥಶಾಸ್ತ್ರಜ್ಞರು ಬರೆದರು. ನನಗೂ ಹಾಗೇ ಅನ್ನಿಸುತ್ತೆ. ಗೋಡೆ ಓದಿದ ಮುದುಕಿ ಯಾರ ಬಾಗಿಲು ತಟ್ಟಬೇಕು? ತಟ್ಟಿದರೆ ತೆಗೀಲೇಬೇಕಾದ ಬಾಗಿಲು ಒಂದು ಇರಬೇಕಲ್ಲ.

ಅಂಥ ಬಾಗಿಲು ಇದ್ದಲ್ಲಿ ಏನಾಗುತ್ತೆ ಅನ್ನೋದಕ್ಕೂ ಉದಾಹರಣೆ ನಿಮ್ಮಲ್ಲೇ ಇದೆ. ಪಶ್ಚಿಮದ ಕಮ್ವೆಂಗೆ–ಫೋರ್ಟ್ ಪೋರ್ಟಲ್ ರಸ್ತೆ, ವಿಶ್ವಬ್ಯಾಂಕಿನ ಸಾಲದ್ದು. ರಸ್ತೆ ಕೆಲಸಕ್ಕೆ ಬಂದವರು ಹಳ್ಳಿಯ ಹೆಣ್ಣುಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದರು ಅಂತ ಊರವರೇ ಬ್ಯಾಂಕಿನ ಇನ್‌ಸ್ಪೆಕ್ಷನ್ ಪ್ಯಾನೆಲ್‌ಗೆ ದೂರು ಕೊಟ್ಟರು. 2015ರ ಡಿಸೆಂಬರ್‌ನಲ್ಲಿ ಬ್ಯಾಂಕ್ ಆ ಯೋಜನೆಗೆ ಹಣ ರದ್ದು ಮಾಡಿತು, ಮರುವರ್ಷ ಪ್ಯಾನೆಲ್ ವರದಿ ಬಂತು. ಈ ಪ್ಯಾನೆಲ್ ಹುಟ್ಟಿದ್ದು 1993ರಲ್ಲಿ, ಅದರ ಹಿಂದೆ ನಮ್ಮ ನರ್ಮದಾ ಹೋರಾಟ ಇದೆ ಅನ್ನೋದು ಎಷ್ಟು ಜನಕ್ಕೆ ನೆನಪಿದೆಯೋ. ಯೋಜನೆಯಿಂದ ತೊಂದರೆಯಾದ ಇಬ್ಬರು ಸೇರಿದರೆ ಸಾಕು, ದೂರು ಕೊಡಬಹುದು.

ಆದರೆ ಮೇಡಂ, ಅದು ವಿಶ್ವಬ್ಯಾಂಕಿನ ಹಣಕ್ಕೆ ಮಾತ್ರ. ನಿಮ್ಮ ಸಂಸ್ಥೆಯ ದಾನಿಗೆ ಅಂಥ ಬಾಗಿಲು ಇದೆಯಾ? ಮೊದಲು ಒಪ್ಪಂದದ ಪತ್ರದಲ್ಲಿ ಅದನ್ನ ಹುಡುಕಿ. ಇನ್ನೊಂದು ಮಾತು. ಅಂಕಿಅಂಶ ಆನ್‌ಲೈನ್ ಇದೆ ಅಂತ ನೆಚ್ಚಿಕೊಳ್ಳಬೇಡಿ. 2025ರ ಫೆಬ್ರುವರಿ 1ರಂದು ಅಮೆರಿಕ ಸರ್ಕಾರದ ನೆರವು ಸಂಸ್ಥೆ ಯುಎಸ್‌ಏಡ್‌ನ ವೆಬ್‌ಸೈಟೇ ಮಾಯವಾಯ್ತು, ಜುಲೈ 1ಕ್ಕೆ ಸಂಸ್ಥೆಯ ಕಥೆಯೂ ಮುಗೀತು. ನೀವು ಬರೆದದ್ದರ ಒಂದು ಪ್ರತಿ ಹಳ್ಳಿಯಲ್ಲಿ ಕಾಗದದ ಮೇಲೆ ಇರಲಿ.

---

ಕಂಪಾಲಾ_ಲೆಕ್ಕಿಗ

ಪ್ರಶ್ನಾರ್ಥಕರು ಹೇಳಿದ್ದು ಸರಿ. ಒಂದು ಸೇರಿಸುತ್ತೇನೆ. ಕೆಲಸ ಕಳೆದುಕೊಳ್ಳುವಂತೆ ಏನನ್ನೂ ಬರೆಯಬೇಡಿ ಮೇಡಂ. ‘ಚಾಲ್ತಿಯಲ್ಲಿಲ್ಲ’ ಎಂದೂ ಒತ್ತಬೇಡಿ, ಅದೂ ಸುಳ್ಳೇ ಆಗುತ್ತದೆ. ಫಾರಂನ ಕೊನೆಯಲ್ಲಿ ಷರಾ ಎಂದು ಒಂದು ಖಾಲಿ ಜಾಗ ಇದ್ದೇ ಇರುತ್ತದೆ. ಅಲ್ಲಿ ನೋಡಿದ ಗಂಟೆ ಮತ್ತು ಚೆಲ್ಲಿದ ಕ್ಯಾನಿನ ಲೆಕ್ಕ ಬರೆಯಿರಿ. ಅಭಿಪ್ರಾಯ ಬೇಡ. ಅಭಿಪ್ರಾಯವನ್ನು ಮೇಲಿನವರು ಅಳಿಸುತ್ತಾರೆ, ಅಂಕಿಯನ್ನು ಅಳಿಸಲು ಕೈ ನಡುಗುತ್ತದೆ. ನಾಳೆ ನನ್ನಂಥವನೊಬ್ಬ ಫೈಲ್ ಬಿಚ್ಚುತ್ತಾನೆ ಎಂದು ಅವರಿಗೂ ಗೊತ್ತು.

---

ತುಂಗಾತೀರ (ಏಳು ವಾರದ ನಂತರ)

ಎಲ್ಲರಿಗೂ ಥ್ಯಾಂಕ್ಸ್. ಆದದ್ದು ಹೇಳ್ತೀನಿ.

ಪೈಪು ಎತ್ತಿಸಿದೆವು. ಜಿಐ. ಮೇಲಿಂದ ಮೂರನೇ ಪೈಪಿನ ಹೊರಮೈಯನ್ನು ಮೆಕ್ಯಾನಿಕ್ ಹೆಬ್ಬೆರಳಿನಿಂದ ಒತ್ತಿದ, ಒಣಗಿದ ರೊಟ್ಟಿಯ ಹಾಗೆ ಪದರ ಪದರ ಕಿತ್ತು ಬಂತು. ಬಿಒಕ್ಯೂ ಸಿಕ್ಕಿತು. ಪೈಪು ಎಷ್ಟು ಮೀಟರ್ ಅಂತ ಬರೆದಿದ್ದಾರೆ, ಯಾವ ಲೋಹ ಅಂತ ಬರೆದೇ ಇಲ್ಲ. ಲೆಕ್ಕಿಗರೇ, ಇದು ನೀವು ಹೇಳಿದ ಎರಡರಲ್ಲಿ ಯಾವುದು?

ಪಂಪಿನ ಕಟ್ಟೆ ಮೇಲೆ ಬರೆಸೋಕೆ ಒಪ್ಪಿಗೆ ಸಿಗಲಿಲ್ಲ. ದಾನಿಯ ಲೋಗೋ ಇರೋ ಜಾಗದಲ್ಲಿ ಬೇರೇನೂ ಬರೆಯುವಂತಿಲ್ಲವಂತೆ, ಅದಕ್ಕೊಂದು ನಿಯಮವೇ ಇದೆ. ಬಿಸಿಲೂರು ಅಣ್ಣಾ, ಇಲ್ಲಿ ಸುಣ್ಣದ ಖರ್ಚೂ ಉಳಿಯಿತು!

ನೀರು ಸಮಿತಿಯ ಅಧ್ಯಕ್ಷೆಗೆ ಒಂದು ನೂರು ಪುಟದ ನೋಟ್‌ಬುಕ್ ಕೊಟ್ಟೆ. ಅವಳಿಗೆ ಅಕ್ಷರ ಅಷ್ಟಕ್ಕಷ್ಟೆ. ಚೆಲ್ಲಿದ ಒಂದೊಂದು ಕ್ಯಾನಿಗೆ ಒಂದೊಂದು ಗೀಟು ಎಳೀತಾಳೆ. ಸೋಮವಾರ ಆರು, ಮಂಗಳವಾರ ಆರು, ಭಾನುವಾರ ಎಲ್ಲರೂ ಚರ್ಚಿಗೆ ಹೋಗಿ ತಡವಾಗಿ ಬರೋದರಿಂದ ಎಂಟು. ನಾಲ್ಕು ವಾರದ ಹಾಳೆಗಳ ಫೋಟೋ ತೆಗೆದು ಷರಾ ಜಾಗಕ್ಕೆ ಅಂಟಿಸಿ ಕಳಿಸಿದೆ. ಪ್ರತಿಯೊಂದು ಮನೆಯಿಂದ ತಿಂಗಳಿಗೆ 1000 ಶಿಲ್ಲಿಂಗ್ ವಂತಿಗೆ ಎತ್ತೋದು ಅವಳೇ. ಮೊನ್ನೆ ಸಭೆಯಲ್ಲಿ ನಮ್ಮ ಮ್ಯಾನೇಜರ್ ಮುಂದೆ ನೋಟ್‌ಬುಕ್ ಬಿಚ್ಚಿಟ್ಟು ಕೇಳಿದಳು: “ಈ ಗೀಟುಗಳಿಗೂ ನಾವು ದುಡ್ಡು ಕೊಡ್ತಿದ್ದೀವಾ?” ಭಾಷಾಂತರ ಮಾಡೋ ಹುಡುಗ ತಡವರಿಸಿದ. ಮ್ಯಾನೇಜರ್‌ಗೆ ಅಷ್ಟರಲ್ಲೇ ಅರ್ಥವಾಗಿತ್ತು.

ನಿನ್ನೆ ಮುಖ್ಯ ಕಚೇರಿಯಿಂದ ಹೊಸ ಫಾರಂ ಬಂತು. ‘ಪರಿಶೀಲಿಸಿದ ಸಮಯ’ ಅಂತ ಒಂದು ಕಾಲಂ ಸೇರಿಸಿದ್ದಾರೆ. ನೀರಿನ ಬಣ್ಣಕ್ಕೆ ಇನ್ನೂ ಕಾಲಂ ಇಲ್ಲ. ಪೈಪು ಬದಲಿಸೋಕೆ ‘ಮುಂದಿನ ಹಣಕಾಸು ವರ್ಷದಲ್ಲಿ ಪರಿಗಣಿಸಲಾಗುವುದು’ ಅಂದಿದ್ದಾರೆ. ಪಕ್ಕದ ಹಳ್ಳಿಯ ಸಮಿತಿಯವಳು ನಡೆದುಕೊಂಡು ಬಂದು ತನಗೂ ಒಂದು ನೋಟ್‌ಬುಕ್ ಬೇಕು ಅಂದಳು. ಲೀರಾ ಪೇಟೆಯಿಂದ ಒಂದು ಡಜನ್ ತಂದಿಟ್ಟಿದ್ದೇನೆ. ಬಿಲ್ಲನ್ನು ಯಾವ ಬಾಬ್ತಿಗೆ ಹಾಕಬೇಕೋ ಗೊತ್ತಾಗದೆ ಸದ್ಯಕ್ಕೆ ನನ್ನ ಕೈಯಿಂದಲೇ ಕೊಟ್ಟಿದ್ದೇನೆ.