ಓದುಗರ ಸ್ಪಂದನ: ಒಡವೆ ಅಡ ಇಟ್ಟು ಮಗನನ್ನು ದುಬೈಗೆ ಕಳಿಸಲೇ?

ಕಳೆದ ವಾರ ಮದ್ದೂರು ಕಡೆಯ ತಾಯಿಯೊಬ್ಬರು ಬರೆದಿದ್ದರು: "ಮಗ ಎಸ್ಸೆಸ್ಸೆಲ್ಸಿ ಮುಗಿಸಿ ಐ.ಟಿ.ಐ. ವೆಲ್ಡರ್ ಮಾಡಿದ್ದಾನೆ. ಉದ್ಯೋಗ ವಿನಿಮಯ ಕೇಂದ್ರದಲ್ಲಿ ಹೆಸರು ಬರೆಸಿ ಮೂರು ವರ್ಷ ಆಯ್ತು. ವಿದೇಶದ ಕೆಲಸದ ಸುದ್ದಿ ಅಲ್ಲಿಂದ ಬರಲೇ ಇಲ್ಲ. ಈಗ ಏಜೆಂಟ್ ಒಬ್ಬರು ದುಬೈ ಕೆಲಸಕ್ಕೆ ಒಂದೂವರೆ ಲಕ್ಷ ಕೇಳುತ್ತಿದ್ದಾರೆ. ಒಡವೆ ಅಡ ಇಡಲೇ?" ಬಂದ ಉತ್ತರಗಳಲ್ಲಿ ಕೆಲವು ಇಲ್ಲಿವೆ.

ಅಮ್ಮಾ, ದಯವಿಟ್ಟು ಒಡವೆ ಮುಟ್ಟಬೇಡಿ. ಮೊದಲು ವೀಸಾ ಕಾಗದ ತರಿಸಿ ನೋಡಿ. ನಾನು ಗಲ್ಫ್‌ಗೆ ಹೋಗುವಾಗ ನೋಡಲಿಲ್ಲ. ಏಜೆಂಟ್ ನನ್ನನ್ನು ಬಸ್‌ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಕೂರಿಸಿ, ಕಾಫಿ ಕೊಡಿಸಿ, ಮೊಬೈಲಿನಲ್ಲಿ ಒಂದು ಹಾಳೆ ತೋರಿಸಿದ. ನನ್ನ ಫೋಟೊ ಇತ್ತು, ಹೆಸರಿತ್ತು. ಸಾಕು ಅನ್ನಿಸಿತು. ಅಲ್ಲಿ ಇಳಿದ ಮೇಲೆ ರೂಮಿನವರು ಬೆರಳಿಟ್ಟು ತೋರಿಸಿದರು, ಅದು ವಿಸಿಟ್ ವೀಸಾ! ವೆಲ್ಡಿಂಗ್ ಅಂದವರು ಕಂಬಿ ಹೊರಿಸಿದರು. ಸಂಬಳ ಕೇಳಿದರೆ "ನಿನಗೆ ಕೆಲಸದ ವೀಸಾನೇ ಇಲ್ವಲ್ಲ" ಅಂದರು. ಎರಡು ತಿಂಗಳಿಗೆ ವಾಪಸ್ ಬಂದೆ. ಟಿಕೆಟ್ ದುಡ್ಡು ಅಣ್ಣ ಸಾಲ ಮಾಡಿ ಕಳಿಸಿದ.

ಏಜೆಂಟ್‌ನ ಲೈಸೆನ್ಸ್ ನಂಬರ್ ಕೇಳಿ. 1983ರ ವಲಸೆ ಕಾಯ್ದೆ ಪ್ರಕಾರ ಕೇಂದ್ರ ಸರ್ಕಾರದಲ್ಲಿ ನೋಂದಣಿ ಇಲ್ಲದ ಏಜೆಂಟರು ಯಾರನ್ನೂ ಹೊರದೇಶದ ಕೆಲಸಕ್ಕೆ ಕಳಿಸುವ ಹಾಗಿಲ್ಲ. ನೋಂದಣಿ ಇದ್ದವರೂ ಸೇವಾ ಶುಲ್ಕ ಅಂತ 30,000 ರೂಪಾಯಿ, ಅದರ ಮೇಲೆ ಜಿ.ಎಸ್.ಟಿ., ಅಷ್ಟೇ ತೆಗೆದುಕೊಳ್ಳಬೇಕು. ರಸೀದಿಯನ್ನೂ ಕೊಡಬೇಕು. ಒಂದೂವರೆ ಲಕ್ಷ ಎಲ್ಲಿಂದ ಬಂತು?
— ಗಲ್ಫ್‌ನಿಂದ ಮರಳಿದವರು, ಹೆಬ್ಬಾಳ, ಮೈಸೂರು

ನಾನು ಉದ್ಯೋಗ ಇಲಾಖೆಯಲ್ಲಿದ್ದು ನಿವೃತ್ತನಾದವನು. ವಿನಿಮಯ ಕೇಂದ್ರಕ್ಕೆ ಖಾಲಿ ಹುದ್ದೆ ತಿಳಿಸಬೇಕು ಅನ್ನುವ ಕಾನೂನು ಇರುವುದು ನಮ್ಮ ದೇಶದ ಕಚೇರಿ, ಕಾರ್ಖಾನೆಗಳಿಗೆ. ದುಬೈ ಕಂಪನಿಗೆ ಅದು ಅನ್ವಯಿಸುವುದಿಲ್ಲ. ವಿನಿಮಯ ಕೇಂದ್ರದ ನೋಂದಣಿ ಕಾರ್ಡ್ ನಂಬಿ ವಿದೇಶದ ಕರೆಗೆ ಕಾಯುವುದು ಬೇಡ. ಈ ಮಾತನ್ನು ಹೆಸರು ಬರೆಸಿದ ದಿನವೇ ಕೌಂಟರಿನಲ್ಲಿ ಯಾರಾದರೂ ಹೇಳಬೇಕಿತ್ತು. ಹುಡುಗ ಮೂರು ವರ್ಷ ಸುಮ್ನೆ ಕಾದಿದ್ದು ಓದಿ ನನಗೆ ಬಹಳ ಬೇಸರವಾಯಿತು.

ವಿದೇಶದ ಕೆಲಸಕ್ಕೆ ಸರ್ಕಾರಿ ದಾರಿ ಬೇರೆ ಇದೆ. ಕರ್ನಾಟಕ ಕೌಶಲ್ಯಾಭಿವೃದ್ಧಿ ನಿಗಮದ ಅಂತರರಾಷ್ಟ್ರೀಯ ವಲಸೆ ಕೇಂದ್ರ ಬೆಂಗಳೂರಿನಲ್ಲಿದೆ. ಮಂಡ್ಯದ ಜಿಲ್ಲಾ ಕೌಶಲ್ಯಾಭಿವೃದ್ಧಿ ಅಧಿಕಾರಿಯನ್ನು ಕಂಡು, ವೆಲ್ಡರ್‌ಗೆ ಅಲ್ಲಿ ಏನಿದೆ ಅಂತ ವಿಚಾರಿಸಿ. ಇನ್ನೊಂದು ಸಂಗತಿ. ಹತ್ತನೇ ತರಗತಿ ಪಾಸಾಗದವರು ಯುಎಇ, ಸೌದಿ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಲು ಸರ್ಕಾರದ ವಲಸೆ ಅನುಮತಿ ಬೇಕು. ಆಗ ಕಾಗದಪತ್ರ ಪರಿಶೀಲನೆ ಆಗುತ್ತದೆ. ನಿಮ್ಮ ಮಗನಿಗೆ ಆ ಅನುಮತಿ ಬೇಕಿಲ್ಲ. ಅಂದರೆ ಅವನ ಕೆಲಸದ ಅಗ್ರಿಮೆಂಟ್ ಸರಿಯಿದೆಯೋ ಇಲ್ಲವೋ ಅಂತ ನೀವೇ ನೋಡಿಕೊಳ್ಳಬೇಕು.
— ಸರಸ್ವತಿಪುರಂ, ಮೈಸೂರು

ಅಕ್ಕಾ, ನನ್ನ ತಮ್ಮನ ಅಗ್ರಿಮೆಂಟ್ ಇಂಗ್ಲಿಷ್, ಅರಬ್ಬಿಯಲ್ಲಿತ್ತು. ಎದುರುಮನೆ ಟೀಚರ್ ಕೂತು ಒಂದೊಂದೇ ಸಾಲು ಕನ್ನಡದಲ್ಲಿ ಬರೆದುಕೊಟ್ಟರು. ಸಂಬಳ ಎಷ್ಟು, ಓವರ್‌ಟೈಮ್ ಎಷ್ಟು, ರೂಮ್ ಬಾಡಿಗೆ ಯಾರದು ಎಲ್ಲಾ. ಏಜೆಂಟ್ ಬಾಯಲ್ಲಿ ಹೇಳಿದ್ದಕ್ಕಿಂತ ಸಂಬಳ ಕಡಿಮೆ ಇತ್ತು! ತಮ್ಮ ಅದನ್ನು ಬಿಟ್ಟ. ಆರು ತಿಂಗಳು ತಡವಾಗಿ ಬೇರೆ ಕಡೆ ಹೋದ, ಈಗ ಚೆನ್ನಾಗಿದ್ದಾನೆ.
— ಗೃಹಿಣಿ, ಪಾಂಡವಪುರ

ಮದ್ದೂರಿನಲ್ಲೇ ನನ್ನ ಜೆರಾಕ್ಸ್ ಅಂಗಡಿ ಇದೆ. ಕೇಂದ್ರ ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ಏಜೆಂಟ್ ಅಸಲಿಯೋ ನಕಲಿಯೋ ನೋಡೋಕೆ ಐದು ನಿಮಿಷ ಸಾಕು. ಮಗನನ್ನು ನನ್ನ ಅಂಗಡಿಗೆ ಕಳಿಸಿ, ದುಡ್ಡು ಬೇಡ. ಏಜೆಂಟ್ ಕೊಟ್ಟ ವಿಸಿಟಿಂಗ್ ಕಾರ್ಡ್ ಮಾತ್ರ ಮರೆಯದೆ ತರಲಿ.
— ಮದ್ದೂರು