ಸಹಾಯ ಬೇಕು: ಆರ್‌ಡಿಎಸ್ ಖರ್ಚು, ಬ್ಯಾಕಪ್ ಬಗ್ಗೆ

ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರಿನ ಕಾಫಿ ತೋಟಗಳಿಗೆ ಲೆಕ್ಕ ಇಡುವ ಆಪ್ ನಡೆಸುತ್ತಿದ್ದೇನೆ. ಯಾರು ಎಷ್ಟು ಕೆಜಿ ಹಣ್ಣು ಕೊಯ್ದರು, ವಾರದ ಬಟವಾಡೆ ಎಷ್ಟು, ಎಲ್ಲವೂ ಅಮೆಜಾನ್ ಆರ್‌ಡಿಎಸ್‌ನ (ಅವರ ಕ್ಲೌಡ್ ಡೇಟಾಬೇಸ್ ಸೇವೆ) ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿದೆ. ಮುಂಬೈ ರೀಜನ್.

ಅರೇಬಿಕಾ ಶುರುವಾಗಿ ರೊಬಸ್ಟಾ ಕೊಯ್ಲು ಮುಗಿಯುವ ತನಕ ಲೋಡ್ ಜಾಸ್ತಿ. ಮಳೆಗಾಲದಲ್ಲಿ ಬಳಸುವವರು ಬೆರಳೆಣಿಕೆಯಷ್ಟು. ಆಗ ಡೇಟಾಬೇಸ್ ನಿಲ್ಲಿಸಿಡೋಣ ಅಂದರೆ 7 ದಿನಕ್ಕೆ ತಾನಾಗಿಯೇ ಶುರುವಾಗುತ್ತದೆ, ನಿಂತಿದ್ದಾಗಲೂ ಸ್ಟೋರೇಜ್ ಬಿಲ್ ಬರುತ್ತದೆ. ಹಾಗಾಗಿ ಇನ್‌ಸ್ಟನ್ಸ್ (ಡೇಟಾಬೇಸ್ ಓಡುವ ಸರ್ವರ್) ಸೈಜ್ ಇಳಿಸುವುದೇ ಸರಿ ಅನ್ನಿಸುತ್ತಿದೆ. ಇಳಿಸುವಾಗ ನಿಮ್ಮಲ್ಲಿ ಎಷ್ಟು ಹೊತ್ತು ಡೌನ್ ಆಗಿತ್ತು? ಮಲ್ಟಿ-ಎಜೆಡ್ (ಬೇರೆ ಡೇಟಾ ಸೆಂಟರ್‌ನಲ್ಲೂ ಒಂದು ಪ್ರತಿ ಸಿದ್ಧವಿರುವ ವ್ಯವಸ್ಥೆ) ಇದ್ದರೆ ಕಡಿಮೆ ಅಲ್ವಾ?

ಮುಖ್ಯ ಚಿಂತೆ ಬ್ಯಾಕಪ್‌ದು. ಆಟೋಮ್ಯಾಟಿಕ್ ಬ್ಯಾಕಪ್ ಹೆಚ್ಚೆಂದರೆ 35 ದಿನ ಇರುತ್ತದೆ. ಬಟವಾಡೆ ತಕರಾರು ವರ್ಷ ಕಳೆದ ಮೇಲೂ ಬರುತ್ತದೆ. ಕೂಲಿಯವರ ದುಡ್ಡಿನ ವಿಷಯ, ಒಂದು ಎಂಟ್ರಿಯೂ ಹೋಗಬಾರದು. ತಿಂಗಳಿಗೊಂದು ಮ್ಯಾನುಯಲ್ ಸ್ನ್ಯಾಪ್‌ಶಾಟ್ (ನಾವೇ ತೆಗೆದಿಡುವ ಪೂರ್ತಿ ಪ್ರತಿ) ಸಾಕಾ, ಎಸ್3ಗೆ (ಅಮೆಜಾನ್‌ನ ಫೈಲ್ ಸಂಗ್ರಹ ಸೇವೆ) ಎಕ್ಸ್‌ಪೋರ್ಟ್ ಮಾಡಿದರೆ ಅಗ್ಗವಾ? ರಿಸ್ಟೋರ್ ಮಾಡಿದರೆ ಹೊಸ ಇನ್‌ಸ್ಟನ್ಸ್, ಹೊಸ ಎಂಡ್‌ಪಾಯಿಂಟ್ (ಆಪ್ ಸಂಪರ್ಕಿಸುವ ವಿಳಾಸ) ಬರುತ್ತದೆ. ಆಪ್ ಕಡೆ ಅದನ್ನು ಹೇಗೆ ನಿಭಾಯಿಸುತ್ತೀರಿ?

ಸುಮ್ನೆ ಓದಿದ್ದಲ್ಲ, ಮಾಡಿ ನೋಡಿದವರು ದಯವಿಟ್ಟು ತಿಳಿಸಿ. ಹಾಸನ, ಚಿಕ್ಕಮಗಳೂರು ಕಡೆಯವರಾದರೆ ನಾನೇ ಬಂದು ಕಾಣುತ್ತೇನೆ.